ಗಾಣದ ಕಂಪನಿಯ ಮುಖಪುಟ

ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ
ಕಬ್ಬಿನ ಗಾಣ ಮಾಡುವ ಕಂಪನಿ.
ಅದರ ಮುಖಪುಟ ತೆರೆದರೆ ಮೊದಲು
ಸ್ಥಾಪಕರ ಫೋಟೊ, ಗಂಧದ ಹಾರ ಸಮೇತ;
ಅದು ಸರಿದರೆ ಫ್ಯಾಕ್ಟರಿಯ ಗೇಟು, ಅದೂ ಸರಿದರೆ
ಸೂಟು ತೊಟ್ಟ ಇಬ್ಬರು ಬಿಳಿಯರು ಕೈ ಕುಲುಕುತ್ತಾರೆ.
ಅವರು ಯಾರೆಂದು ಕೇಳಿದೆ. ಯಾರಿಗೂ ಗೊತ್ತಿಲ್ಲ.
ಮೇಲುಗಡೆ ಹದಿನಾಲ್ಕು ಗುಂಡಿ, ಒಂದೊಂದರ ಕೆಳಗೂ
ಮರಿ ಹಾಕಿದ ಹಾಗೆ ಇನ್ನೂ ಐದಾರು.
"ನಮ್ಮ ಧ್ಯೇಯ"ದ ಒಳಗೆ "ನಮ್ಮ ದೃಷ್ಟಿ",
ದೃಷ್ಟಿಯ ಒಳಗೆ ಏನೂ ಇಲ್ಲ,
"ಶೀಘ್ರದಲ್ಲೇ" ಅಂತಿದೆ
ಎರಡು ಸಾವಿರದ ಹದಿನಾರರಿಂದ.

ಸರಿಮಾಡಿಕೊಡಿ ಅಂದರು. ನೀಲಿ ಬಣ್ಣ ಇರಲಿ ಅಂದರು.
ಮೈಸೂರಿಂದ ಬೆಳಗಿನ ರೈಲು ಹತ್ತಿ ಬಂದವಳು
ಮೂರು ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ,
ಫೋನಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತೆ.

ಫೋನು ಎತ್ತುವವರು ಚೆಲುವಾಜಮ್ಮ.
ಹತ್ತೊಂಬತ್ತು ವರ್ಷ ಅದೇ ಕುರ್ಚಿ, ಅದೇ ಉದ್ದನೆ ರಿಜಿಸ್ಟರು.
"ಅಮ್ಮಾ, ಬೇರಿಂಗು ಎಲ್ಲದೆ ಇದ್ರಲ್ಲಿ?
ಒತ್ತುದ್ರೆ ನಿಮ್ ಯಜಮಾನ್ರು ಫೋಟೊ ಬತ್ತದೆ.
ಇನ್ನೊಂದ್ಸಲ ಒತ್ತುದ್ರೂ ಅವರೇ ಬತ್ತಾರೆ."
ಕೀಲಾರದ ಸಣ್ಣತಮ್ಮಯ್ಯ. ಅವರ ದನಿಯ ಹಿಂದೆ
ಕೊಪ್ಪರಿಗೆ ಕುದಿಯುವ ಸದ್ದು ನನಗೂ ಕೇಳುತ್ತಿತ್ತು.
ರಸ ಅರ್ಧ ಕಾದಿದೆ, ಗಾಣ ನಿಂತಿದೆ,
ಹೆಬ್ಬೆರಳಿಗೆ ಪಾಕ ಮೆತ್ತಿದೆ,
ಗಾಜಿನ ಮೇಲೆ ಅದು ಎಲ್ಲೋ ಒತ್ತಿ ಇನ್ನೆಲ್ಲೋ ಅಂಟುತ್ತದೆ.
ಚೆಲುವಾಜಮ್ಮ ಪರದೆಯ ಕಡೆ ನೋಡುವುದೇ ಇಲ್ಲ.
"ಮೂರು ರೋಲಿಂದೋ ಐದರದ್ದೋ?
ಕಿರ್ ಅಂತದಾ, ಕಟಕಟ ಅಂತದಾ?"
ಎರಡೇ ಪ್ರಶ್ನೆ. ನಂಬರು ಹೇಳಿದರು. ಇಟ್ಟರು.

ನಮ್ಮಪ್ಪ ನೀರಗಂಟಿ. ಗದ್ದೆಬಯಲಲ್ಲಿ ನಿಂತು
ನೀರಿಗೆ ಭಾಷಣ ಮಾಡಿದ್ದನ್ನು ನಾನು ಕಂಡಿಲ್ಲ.
ಒಂದು ಗುದ್ದಲಿ ಮಣ್ಣು ಇಲ್ಲಿ ತೆಗೆದು ಅಲ್ಲಿಡುತ್ತಿದ್ದ.
ನೀರು ಹೋಗುತ್ತಿತ್ತು, ತನಗೇ ಹೊಳೆದ ದಾರಿ ಎಂಬಂತೆ.

ರಿಜಿಸ್ಟರಿನ ಹಾಳೆ ಎಣಿಸಿದೆ. ನೂರು ಫೋನಿನಲ್ಲಿ
ಅರವತ್ತೊಂದು "ಕೆಟ್ಟೋಗದೆ", ಇಪ್ಪತ್ತು ಚಿಲ್ಲರೆ "ಎಷ್ಟಾಯ್ತದೆ",
ಮಿಕ್ಕವು "ನಮ್ಮುಡುಗನಿಗೆ ಕೆಲಸ ಇದ್ದರೆ ನೋಡಿ".
ಧ್ಯೇಯ ಕೇಳಿ ಒಬ್ಬರೂ ಫೋನು ಮಾಡಿಲ್ಲ.

ಮೀಟಿಂಗಿನಲ್ಲಿ ಹೊಸ ಹಾಳೆ ಹರವಿದೆ:
ಗಾಣ ಕೆಟ್ಟಿದೆ. ಗಾಣ ಬೇಕು. ಮಾತಾಡಬೇಕು.
ಹೆಬ್ಬೆರಳಗಲದ ಮೂರು ಗುಂಡಿ, ಮಿಕ್ಕಿದ್ದೆಲ್ಲ ಬಿಳಿ.
"ಬೋಳು ಬೋಳಾಗಿ ಕಾಣ್ತದಲ್ರೀ,
ಇಷ್ಟಕ್ಕೆ ದುಡ್ಡು ಕೊಡಬೇಕಾ?" ಅಂದರು ಒಬ್ಬರು.
"ಕೆಟ್ಟಿದೆ ಅಂತ ನಾವೇ ಬರಕೊಂಡ್ರೆ
ಮರ್ಯಾದೆ ಏನು ಉಳೀತು?" ಇನ್ನೊಬ್ಬರು.
ಸ್ಥಾಪಕರ ಮೊಮ್ಮಗ, ನಿಶ್ಚಿತ್, ಬಹಳ ಹೊತ್ತು ಸುಮ್ಮನಿದ್ದು
"ತಾತ ಎಲ್ಲಿ ಹೋಗ್ತಾರೆ?" ಅಂದ.
ಅಡಿಯಲ್ಲಿ, ಅಂದೆ. ಅಡಿಪಾಯದ ಜಾಗ.
ಅದು ನನಗೇ ಸ್ವಲ್ಪ ಕಳ್ಳಮಾತು ಅನಿಸಿತು,
ಆದರೆ ಒಪ್ಪಿದರು. "ಕೆಟ್ಟಿದೆ" ಅಳಿಸಿ "ರಿಪೇರಿ" ಮಾಡಿದರು.
ಬಿಳಿಯರು ಕೈ ಬಿಡಿಸಿಕೊಂಡು ಹೊರಟರು.
ನೀಲಿ ಉಳಿಯಿತು.

ಹೊಸದು ಬಂದ ಮೂರನೇ ವಾರ ಬಾಕಿ ಬಿಲ್ಲಿಗೆಂದು ಹೋದೆ.
ಫೋನು ಮೂಕವಾಗಿತ್ತು. ರಿಜಿಸ್ಟರಿನ ಮೇಲೆ
ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದರು ಚೆಲುವಾಜಮ್ಮ.
"ಚೆನ್ನಾಗದೆ ಬುಡಿ. ಈಗ ನಾನು ಯಾರ್ಗೂ ಬ್ಯಾಡ."
ನಗುತ್ತಲೇ ಅಂದರು. ಎಣಿಸುವಾಗ
ಈ ಲೆಕ್ಕ ನಾನು ಹಾಕಿರಲಿಲ್ಲ.
ಒಂದು ಹಿಡಿ ಕಾಯಿ ನನ್ನ ಕಡೆಗೂ ಎಳೆದುಕೊಂಡೆ.

ಅಷ್ಟರಲ್ಲಿ ಫೋನು. ಸಣ್ಣತಮ್ಮಯ್ಯ.
ಬೇರಿಂಗು ಒಂದೇ ಒತ್ತಿಗೆ ಸಿಕ್ಕಿತಂತೆ, ಬಂದೂ ಬಂತಂತೆ.
"ಮತ್ಯಾಕ್ ಮಾಡುದ್ರಿ?"
"ಏನಿಲ್ಲ ಕಣಮ್ಮ, ಮೂರ್ನೇದು ಒತ್ತಿ ನೋಡ್ದೆ,
ನೀವೇ ಎತ್ತೀರೋ ಇಲ್ವೋ ಅಂತ."

ಆಮೇಲೆ ಕಬ್ಬಿನ ರೇಟು, ಸೊಸೆಯ ಬಾಣಂತನ,
ನಾಲೆಗೆ ನೀರು ಎಂದು ಬಿಡುತ್ತಾರೆಂಬ ಗಾಳಿಸುದ್ದಿ.
ನನ್ನ ಮುಂದಿನ ಕಾಯಿ ಮುಗಿದು ಹೋಯಿತು,
ಅವರ ರಾಶಿ ಹಾಗೇ ಇತ್ತು.